ಕೈ ಬಿಟ್ಟು ಕಣ್ಣಿಡುವ ಸನ್ನೆ

ಎರಡನೇ ಮಹಡಿ, ನಿನ್ನ ಕಿಟಕಿಯ ಪಕ್ಕ
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊದಲ ಸಾಲಿನಲ್ಲೇ ಕೈಯ ವಿಚಾರ ಎತ್ತಿದರೆ ನೀನು ಕಾಗದ ಮಡಚಿ ಪಕ್ಕಕ್ಕಿಡುತ್ತೀಯೆಂದು ಗೊತ್ತು. ಅದಕ್ಕೇ ಮೊದಲು ಬೇರೆಯದನ್ನೆಲ್ಲ ಕೇಳಿಬಿಡುತ್ತೇನೆ. ನಿದ್ದೆ ಬರುತ್ತಿದೆಯೇ? ಅಕ್ಕನ ಮೆಟ್ಟಿಲಿಲ್ಲದ ಮನೆ ಅಭ್ಯಾಸವಾಯಿತೇ? ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಲು ಅಕ್ಕ ಬಿಡುತ್ತಾಳೋ, ಇಲ್ಲ ಡಬ್ಬಿಯನ್ನೇ ಬಚ್ಚಿಟ್ಟಿದ್ದಾಳೋ? ಆಯಿತು, ಈಗ ಹೇಳು, ಕೈ ಹೇಗಿದೆ? ಪಾರ್ಶ್ವವಾಯು ಬಡಿದ ಮೇಲೆ ಕಾಲು ಚೆನ್ನಾಗಿಯೇ ಸುಧಾರಿಸಿದೆ, ಬಲಗೈ ಮಾತ್ರ ಮುನಿಸಿಕೊಂಡ ಹುಡುಗನ ಹಾಗೆ ತೊಡೆಯ ಮೇಲೆ ಸುಮ್ಮನೆ ಕೂತಿರುತ್ತದೆ ಎಂದು ಅಕ್ಕ ಹೇಳಿದಳು. ವ್ಯಾಯಾಮ ಮಾಡಿಸುವವಳು ಬಂದ ಕೂಡಲೇ ನೀನು ಕಣ್ಣು ಮುಚ್ಚಿ ನಿದ್ದೆಯ ನಾಟಕ ಹೂಡುತ್ತೀಯಂತೆ. ಆಯುಷ್ಯವೆಲ್ಲ ಛತ್ರಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದ ಮನುಷ್ಯ ಕೊನೆಗೂ ಮಡಚಿಟ್ಟ ಛತ್ರಿಯೇ ಆದ ಎಂದು ಅಕ್ಕ ನಗುತ್ತಾಳೆ. ನಾನೂ ನಕ್ಕೆ, ಆದರೆ ಪೂರ್ತಿ ನಗಲಾಗಲಿಲ್ಲ.

ಈ ಕಾಲದಲ್ಲಿ ಪತ್ರವೇಕೆ ಎಂದು ಹುಬ್ಬೇರಿಸಬೇಡ. ಫೋನು ನಿನ್ನ ಕಿವಿಗೆ ಹುಟ್ಟಿದಾಗಿನಿಂದ ಆಗಿಬಂದದ್ದಲ್ಲ. ವಿಡಿಯೊ ಕರೆ ಮಾಡಿದರೆ ಒಂದು ಸಲ ತಲೆಯಾಡಿಸಿ ಅಕ್ಕನ ಬೆನ್ನ ಹಿಂದೆ ಸರಿದುಬಿಡುತ್ತೀಯ. ಎಡಗೈಯಲ್ಲಿ ಸನ್ನೆ ಮಾಡಿದರೆ ಮಾತು ತೊದಲುತ್ತದೆ, ಮಕ್ಕಳ ಮುಂದೆ ತೊದಲಲಾರೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆಯಂತೆ. ಸರಿ, ನೀನು ಮಾತಾಡಬೇಡ, ನಾನೇ ಮಾತಾಡುತ್ತೇನೆ. ಬಾಯಿಬಡುಕಿ ಎಂದು ನೀನೇ ಇಟ್ಟ ಬಿರುದು ಹೇಗೂ ಇದೆಯಲ್ಲ. ಇನ್ನೊಂದು, ಅಪ್ಪನಿಗೆ ಪತ್ರ ಬರೆಯುವಾಗಲಾದರೂ ‘ನೀವು’ ಎನ್ನಬಾರದೇ ಎಂದು ಅಕ್ಕ ಬೈಯುತ್ತಾಳೆ. ನಮ್ಮ ಮನೆಯ ಸನ್ನೆಯಲ್ಲಿ ಎದುರಿಗಿದ್ದವರ ಕಡೆ ಬೆರಳು ತೋರಿಸಿದರೆ ಮುಗಿಯಿತು, ಅದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಈಗ ಹೊಸದಾಗಿ ಬಹುವಚನ ಶುರುಮಾಡಿದರೆ ಯಾರೋ ಪರಿಚಯವಿಲ್ಲದ ಗಂಡಸಿಗೆ ಬರೆದಂತಾಗುತ್ತದೆ.

ಮನೆ ನೀನು ಬಿಟ್ಟುಹೋದ ಹಾಗೇ ಇದೆ. ಕೆಳಗಿನ ಮನೆಯವರ ಬೆಕ್ಕು ನಿನ್ನ ಕುರ್ಚಿಯನ್ನು ಸ್ವಂತದ್ದು ಮಾಡಿಕೊಂಡಿದೆ, ಎಬ್ಬಿಸಿದರೆ ಬಾಡಿಗೆದಾರನ ಹಾಗೆ ಗುರಾಯಿಸುತ್ತದೆ. ಬಾಗಿಲ ಗುಂಡಿ ಒತ್ತಿದಾಗ ಹೊತ್ತಿಕೊಳ್ಳುವ ನಿನ್ನ ಕೆಂಪು ಬಲ್ಬನ್ನು ತೆಗೆದು ಗಂಟೆ ಹಾಕಿಸಿಕೊಳ್ಳಿ ಎಂದು ಮನೆಯೊಡೆಯ ಎರಡು ಸಲ ಹೇಳಿದ. ಹಾಕಿಸಿಕೊಳ್ಳಲಿಲ್ಲ. ಕಿವಿ ಇದ್ದರೂ ನನಗೆ ಬಲ್ಬು ಹೊತ್ತಿದರೇ ಯಾರೋ ಬಂದರು ಅನ್ನಿಸುವುದು.

ಈಗ ನಿನಗೆ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಬೇಸಗೆಯಿಂದ ನಾನು ಬಂದರಿನ ಆಚೆ ಬದಿಯ ದೋಣಿ ರಿಪೇರಿ ಕಾರ್ಖಾನೆಯಲ್ಲಿ ದುಭಾಷಿಯಾಗಿದ್ದೇನೆಂದು ಅಕ್ಕ ಹೇಳಿರಬೇಕು. ಆರು ಜನ ಕಿವುಡ ಹುಡುಗ ಹುಡುಗಿಯರಿಗೆ ಅಲ್ಲಿ ದೋಣಿಯ ವೈರಿಂಗು, ದೀಪ, ದಿಕ್ಸೂಚಿ, ಚುಕ್ಕಾಣಿಯ ಯಂತ್ರ ಇವನ್ನೆಲ್ಲ ಜೋಡಿಸಲು ಕಲಿಸುತ್ತಾರೆ. ತಗಡಿನ ಉದ್ದನೆಯ ಶೆಡ್ಡು, ಮೂಗಿಗೆ ಅಡರುವ ಅಂಟಿನ ವಾಸನೆ, ಮಧ್ಯೆ ಒಂದು ಮೇಜಿಗೆ ಬಿಗಿದ ಚುಕ್ಕಾಣಿ ಚಕ್ರ. ಅದನ್ನು ತಿರುಗಿಸಿದರೆ ಮೇಜಿನ ಕಾಲ ಬಳಿ ಒಂದು ಉಕ್ಕಿನ ತೋಳು ಮುಂದಕ್ಕೂ ಹಿಂದಕ್ಕೂ ಆಡುತ್ತದೆ. ಕಲಿಸುವ ಮೇಷ್ಟ್ರು ಹಿಂದೆ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಕಿವಿ ಕೇಳುವವರು. ಮೊದಲ ದಿನವೇ ಹುಡುಗರು ಅವರಿಗೆ ‘ಮೀಸೆ’ ಎಂದು ಸನ್ನೆಯ ಹೆಸರಿಟ್ಟರು. ಮರುವಾರ ಅವರು ಮೀಸೆ ಬೋಳಿಸಿಕೊಂಡು ಬಂದರು, ಹೆಸರು ಮಾತ್ರ ಬೋಳಾಗಲಿಲ್ಲ. ಕಪ್ಪುಹಲಗೆಯ ಕಡೆ ಮುಖ ಮಾಡಿ ಪಾಠ ಹೇಳುವುದು ಅವರ ದೊಡ್ಡ ಚಟ. ಯಾರಿಗೆ ಪಾಠ, ಹಲಗೆಗೋ ಎಂದು ನಾನು ಅವರ ತೋಳು ಎಳೆಯುತ್ತಲೇ ಇರಬೇಕು.

ಆರು ಜನರಲ್ಲಿ ಇಬ್ಬರ ಗುರುತು ನಿನಗೆ ಸಾಕು. ಒಬ್ಬಳು ‘ಗುಳಿಕೆನ್ನೆ’. ನಕ್ಕರೆ ಕೆನ್ನೆಯಲ್ಲಿ ಬೆರಳಿಡುವಷ್ಟು ಗುಳಿ ಬೀಳುತ್ತದೆ, ಆದರೆ ನಗುವುದು ಅಪರೂಪ. ಒಂದು ಸಂಗತಿ ತಲೆಗೆ ಹತ್ತುವವರೆಗೆ ಜಗ್ಗಿ ಜಗ್ಗಿ ಕೇಳುವ ಹುಡುಗಿ. ಇನ್ನೊಬ್ಬ ‘ಪೆನ್ಸಿಲ್ಲು’. ಉದ್ದಕ್ಕೆ, ಸಣ್ಣಕ್ಕೆ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಪೆನ್ಸಿಲ್ಲು. ಕೇಳದ ಕಿವಿ ಇದಕ್ಕಾದರೂ ಉಪಯೋಗಕ್ಕೆ ಬರಲಿ ಎನ್ನುತ್ತಾನೆ. ಯಾರ ನಡಿಗೆಯನ್ನಾದರೂ ಸರಿ, ಒಂದು ಸಲ ನೋಡಿದರೆ ಹಾಗೇ ಮಾಡಿ ತೋರಿಸುವ ಅಣಕು ಶೂರ.

ಒಂದು ದಿನ ಮೀಸೆ ಮೇಷ್ಟ್ರು ಹಲಗೆಯ ಮೇಲೆ ‘ಆಟೊಪೈಲಟ್’ ಎಂದು ಬರೆದರು. ಅದಕ್ಕೆ ನಮ್ಮಲ್ಲಿ ಸನ್ನೆ ಇರಲಿಲ್ಲ. ಪ್ರತಿ ಸಲವೂ ಇಂಗ್ಲಿಷಿನ ಒಂಬತ್ತು ಅಕ್ಷರ ಬೆರಳಲ್ಲಿ ಒಂದೊಂದಾಗಿ ಬಿಡಿಸಬೇಕು. ಮೇಷ್ಟ್ರು ಉಸಿರಿಗೊಮ್ಮೆ ಆ ಪದ ಹೇಳುತ್ತಾರೆ, ನನ್ನ ಬೆರಳು ಸೋತು ಸುಣ್ಣ. ಊಟದ ಹೊತ್ತಿಗೆ ಚಮಚ ಹಿಡಿಯಲೂ ಬೇಜಾರು. ಅದನ್ನು ನೋಡಿ ಪೆನ್ಸಿಲ್ಲು ಎದ್ದು ನಿಂತ. ಎದೆ ಸೆಟೆಸಿದ, ಕತ್ತು ಬಿಗಿದ, ಕಬ್ಬಿಣದ ಗೊಂಬೆಯ ಹಾಗೆ ಎರಡು ಕೈಯನ್ನೂ ಚಕ್ರದ ಮೇಲಿಟ್ಟು ಟಕ್ ಟಕ್ ಎಂದು ತಿರುಗಿಸಿದ. ಕಬ್ಬಿಣದ ಡ್ರೈವರು! ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ಸಂಜೆಯೊಳಗೆ ಆ ಸನ್ನೆ ಎಲ್ಲರ ಕೈಗೂ ಹತ್ತಿತು. ಮೇಷ್ಟ್ರೂ ಕಲಿತರು, ಆದರೆ ಅವರು ಮಾಡಿದರೆ ಬೆನ್ನು ನೋವಿನವರು ಬಸ್ಸು ಓಡಿಸಿದ ಹಾಗೆ ಕಾಣುತ್ತಿತ್ತು.

ನಿನಗೆ ಗೊತ್ತಲ್ಲ ಅಪ್ಪ, ಒಂದು ಪದ ಕೈಗೆ ಬಂದರೆ ಅದರ ಬೇರು ಕೀಳದೆ ನನಗೆ ಸಮಾಧಾನವಿಲ್ಲ. ಚಿಕ್ಕವಳಿದ್ದಾಗ ಸಿಕ್ಕಿದ್ದಕ್ಕೆಲ್ಲ ‘ಇದಕ್ಕೆ ಈ ಸನ್ನೆ ಯಾಕೆ’ ಎಂದು ನಿನ್ನ ಪ್ರಾಣ ತಿನ್ನುತ್ತಿರಲಿಲ್ಲವೇ? ವಾಚನಾಲಯಕ್ಕೆ ಹೋಗಿ ದಪ್ಪ ನಿಘಂಟು ತೆಗೆಸಿ ನೋಡಿದೆ. ‘ಆಟೊ’ ಎಂದರೆ ಹಳೆಯ ಗ್ರೀಕ್ ಮಾತಿನಲ್ಲಿ ತಾನು, ತಾನೇ. ‘ಪೈಲಟ್’ ಎಂಬುದರ ಬೇರೂ ಅಲ್ಲೇ ಇದೆಯಂತೆ. ದೋಣಿಯ ದಿಕ್ಕು ತಿರುಗಿಸುವ ಉದ್ದನೆಯ ಹುಟ್ಟಿಗೆ ಅವರಲ್ಲಿದ್ದ ಹೆಸರಿನಿಂದ ಆ ಹುಟ್ಟು ಹಿಡಿದವನಿಗೆ ಹೆಸರು ಬಂತು. ಆಮೇಲೆ ಇಟಲಿಯವರ ಬಾಯಲ್ಲಿ ಅಷ್ಟು, ಫ್ರೆಂಚರ ಬಾಯಲ್ಲಿ ಇಷ್ಟು ಸವೆದು ಪೈಲಟ್ ಆಯಿತು. ನೋಡು, ಹುಟ್ಟಿನಿಂದ ಹುಟ್ಟಿದ ಮಾತು! ವಿಮಾನ ಕಣ್ಣು ಬಿಡುವುದಕ್ಕೆ ಎಷ್ಟೋ ಮೊದಲು ಅದು ನೀರಿನ ಮೇಲಿತ್ತು. ನಮ್ಮ ‘ಚುಕ್ಕಾಣಿ’ಯನ್ನೂ ಬಿಡಲಿಲ್ಲ. ಅದು ಅರಬ್ಬೀ ನಾವಿಕರ ಮಾತಿನಿಂದ ಬಂದು ನಮ್ಮವರ ನಾಲಿಗೆಯಲ್ಲಿ ಬೇರೂರಿದ್ದಂತೆ. ಇನ್ನೊಂದು ಮಜಾ. ಈ ಯಂತ್ರ ಹೊಸದಾಗಿ ಬಂದ ಕಾಲದಲ್ಲಿ ಹಡಗಿನವರೂ ವಿಮಾನದವರೂ ಅದಕ್ಕೆ ಗಂಡಸರ ಹೆಸರಿಟ್ಟು ಕರೆಯುತ್ತಿದ್ದರಂತೆ. ಎಂದರೆ ನಮ್ಮ ಪೆನ್ಸಿಲ್ಲಿಗೆ ತೋಚಿದ್ದೇ ಅವರಿಗೂ ತೋಚಿತ್ತು. ಅಲ್ಲೊಬ್ಬ ಕೂತಿದ್ದಾನೆ ಎಂದುಕೊಳ್ಳದೆ ಮನುಷ್ಯನಿಗೆ ಸಮಾಧಾನವಿಲ್ಲ.

ಇದನ್ನೆಲ್ಲ ಮರುದಿನ ಶೆಡ್ಡಿನಲ್ಲಿ ಹೇಳಿದೆ. ಎಲ್ಲರೂ ಖುಷಿಯಿಂದ ನೋಡಿದರು. ಗುಳಿಕೆನ್ನೆ ಮಾತ್ರ ಕೈ ಎತ್ತಿ ಕೇಳಿದಳು: “ಅಕ್ಕಾ, ‘ತಾನೇ’ ಅಂದ್ರಲ್ಲ. ಆ ‘ತಾನು’ ಯಾರು?”

ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು ಹಲಗೆಯ ಮುಖ ನೋಡಿದರು. ಆಮೇಲೆ ಚೆನ್ನಾಗಿಯೇ ವಿವರಿಸಿದರು. ದೋಣಿಯ ಮೂತಿ ಯಾವ ಕಡೆಗಿದೆ ಎನ್ನುವುದು ದಿಕ್ಸೂಚಿಗೆ ಗೊತ್ತು. ಗುಂಡಿ ಒತ್ತಿದಾಗ ಮೂತಿ ಎತ್ತ ಇತ್ತೋ ಅತ್ತಲೇ ಇರಿಸಬೇಕು ಎನ್ನುವುದು ಯಂತ್ರದ ಹಟ. ಮೂತಿ ಎಡಕ್ಕೆ ಸರಿದರೆ ಉಕ್ಕಿನ ತೋಳು ಬಲಕ್ಕೆ ಎಳೆಯುತ್ತದೆ, ಬಲಕ್ಕೆ ಸರಿದರೆ ಎಡಕ್ಕೆ. “ಅಷ್ಟೇ ಕಣಮ್ಮ. ಅದಕ್ಕೆ ಇನ್ನೇನೂ ಗೊತ್ತಿಲ್ಲ,” ಎಂದರು. ಹೀಗೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು, ನಾನು ಸನ್ನೆಯಲ್ಲಿ ಹೇಳಿದ್ದೂ ಸರಿಯಾಗಿಯೇ ಇತ್ತು. ಆದರೆ ಆ ಮಾತಿನ ನಡುವೆ ಯಂತ್ರದ ಹೆಸರು ಬಂದಾಗಲೆಲ್ಲ ನನ್ನ ಎರಡು ಕೈಯೂ ಕಬ್ಬಿಣದ ಡ್ರೈವರನನ್ನು ಅಲ್ಲಿ ಕೂರಿಸುತ್ತಲೇ ಇದ್ದವು. ವಿವರಣೆ ಮರೆತುಹೋಗುತ್ತದೆ, ಹೆಸರು ಉಳಿಯುತ್ತದೆ.

ಮುಂದಿನ ವಾರ ನೀರಿಗಿಳಿದೆವು. ಹುಡುಗರೇ ಯಂತ್ರ ಜೋಡಿಸಿದ್ದ ದೋಣಿ, ತಿಳಿ ಬಿಸಿಲು, ಸಣ್ಣ ಗಾಳಿ. ನಾನು ಹಿಂಬದಿಯ ಕಟಕಟೆಯನ್ನು ತಬ್ಬಿಕೊಂಡು ಕೂತಿದ್ದೆ, ನನ್ನ ಹೊಟ್ಟೆಗೂ ನೀರಿಗೂ ಎಣ್ಣೆ ಸೀಗೆಕಾಯಿ. ಗುಳಿಕೆನ್ನೆ ಚಕ್ರ ಹಿಡಿದಿದ್ದಳು. ಬಂದರಿನ ಬಾಯಿ ದಾಟಿದ ಮೇಲೆ ಮೇಷ್ಟ್ರು ಅವಳಿಗೆ ತಮ್ಮ ಬೆನ್ನುನೋವಿನ ಸನ್ನೆ ಮಾಡಿದರು: ಕಬ್ಬಿಣದ ಡ್ರೈವರಿಗೆ ಕೊಡು. ಅವಳು ಗುಂಡಿ ಒತ್ತಿದಳು. ದೋಣಿ ದಾರ ಹಿಡಿದು ಗೆರೆ ಹೊಡೆದ ಹಾಗೆ ನೇರ ಹೊರಟಿತು. ಮೇಷ್ಟ್ರು ಎಂಜಿನ್ ನೋಡಲು ಕೆಳಗಿನ ಗೂಡಿಗೆ ತಲೆ ತೂರಿಸಿದರು. ಗುಳಿಕೆನ್ನೆ ಏನು ಮಾಡಿದಳು ಗೊತ್ತೇ? ಡ್ರೈವರು ಗಾಡಿ ಓಡಿಸುವಾಗ ನಾವೆಲ್ಲ ಏನು ಮಾಡುತ್ತೇವೋ ಅದನ್ನೇ. ಚಕ್ರಕ್ಕೆ ಬೆನ್ನು ಕೊಟ್ಟು ಪೆನ್ಸಿಲ್ಲಿನ ಕಡೆ ತಿರುಗಿ ಹರಟೆಗೆ ಕೂತಳು. ಕೇಳುವವರಾದರೆ ಮುಂದೆ ನೋಡುತ್ತಲೇ ಹಿಂದಿನವರ ಜೊತೆ ಹರಟಬಹುದು. ಕಿವುಡರು ಮಾತಾಡಬೇಕಾದರೆ ಮುಖಕ್ಕೆ ಮುಖ ಕೊಡಲೇಬೇಕಲ್ಲ.

ಮೂತಿ ನೆಟ್ಟಗೇ ಇತ್ತು ಅಪ್ಪ. ಸರಿಯುತ್ತಿದ್ದದ್ದು ದೋಣಿ. ನೀರೊಳಗಿನ ಸೆಳೆತ ಅದನ್ನು ಇಡಿಯಾಗಿ ಪಕ್ಕಕ್ಕೆ ತಳ್ಳುತ್ತಿತ್ತು, ಯಂತ್ರ ಮಾತ್ರ ತನ್ನ ಹಟದಂತೆ ಮೂತಿ ಕಾಯುತ್ತಿತ್ತು. ನಾನು ತಲೆ ಎತ್ತಿದಾಗ ಮರಳು ಸಾಗಿಸುವ ದೊಡ್ಡ ಬಾರ್ಜೊಂದು ಲಂಗರು ಹಾಕಿ ನಿಂತಿದ್ದು ಗೋಡೆಯ ಹಾಗೆ ಎದುರಿಗೇ ಬಂತು. ಹಾಳು ಬುದ್ಧಿ, ಮೊದಲು ಕಿರುಚಿದೆ! ನಿನ್ನ ಮಗಳಾಗಿ ಇಷ್ಟು ವರ್ಷ ಬದುಕಿ, ಕಿವುಡರಿಗೆ ಕಿರುಚಿದೆ. ಆಮೇಲೆ ಮನೆಯಲ್ಲಿ ನಿನ್ನನ್ನು ಕರೆಯುವ ಹಾಗೆ ಕಾಲಿನಿಂದ ಹಲಗೆ ಗುದ್ದಿದೆ. ಎಂಜಿನ್ನಿನ ನಡುಕದಲ್ಲಿ ನನ್ನ ಗುದ್ದು ಯಾರಿಗೆ ತಿಳಿಯಬೇಕು? ಕೊನೆಗೆ ಕಾಲಿನ ಚಪ್ಪಲಿ ತೆಗೆದು ಬೀಸಿ ಒಗೆದೆ. ಅದು ಗುಳಿಕೆನ್ನೆಯ ಭುಜಕ್ಕೆ ಬಡಿಯಿತು. ಅವಳು ನನ್ನ ಮುಖ ನೋಡಿದಳು, ತಿರುಗಿ ಬಾರ್ಜು ನೋಡಿದಳು, ಚಕ್ರಕ್ಕೆ ಹಾರಿದಳು. ಚಕ್ರ ಕದಲಲಿಲ್ಲ. ಯಂತ್ರ ಹಿಡಿದಿರುವಾಗ ಚಕ್ರ ಕೈಗೆ ಬಗ್ಗುವುದಿಲ್ಲ, ಮೊದಲು ಅದರ ಹಿಡಿತ ಬಿಡಿಸುವ ಗುಂಡಿ ಒತ್ತಬೇಕು. ಅವಳು ಎರಡು ಸಲ ಜಗ್ಗಿದಳು, ಆಮೇಲೆ ನೆನಪಾಗಿ ಗುಂಡಿಗೆ ಗುದ್ದಿದಳು, ಇಡೀ ಮೈ ಹಾಕಿ ತಿರುಗಿಸಿದಳು. ಬಾರ್ಜಿನ ಪಕ್ಕಕ್ಕೆ ನೇತುಹಾಕಿದ್ದ ಹಳೆಯ ಟೈರಿಗೆ ನಮ್ಮ ದೋಣಿ ಉಜ್ಜಿಕೊಂಡು ಹೋಯಿತು. ಕಟಕಟೆ ಸೊಟ್ಟಗಾಯಿತು, ಬದಿಗೆ ಕರಿ ಗೆರೆ ಬಿತ್ತು, ಮೇಷ್ಟ್ರ ಹಣೆಗೆ ಒಂದು ಬುಗುಟು. ಅಷ್ಟೇ. ಅಷ್ಟರಲ್ಲೇ ಮುಗಿದದ್ದು ಪುಣ್ಯ.

ದಡಕ್ಕೆ ಬಂದರೆ ಕಾರ್ಖಾನೆಯ ಯಜಮಾನರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಕೆಟ್ಟವರಲ್ಲ, ಹೆದರಿದ್ದರು. ಹೆದರಿದ ಮನುಷ್ಯ ಜೋರಾಗಿಯೇ ಮಾತಾಡುತ್ತಾನೆ. “ಇನ್ಮೇಲೆ ಇವರು ನೀರಿಗಿಳಿಯೋದು ಬೇಡ. ಶೆಡ್ಡಲ್ಲೇ ವೈರಿಂಗ್ ಕಲೀಲಿ, ಅದರದ್ದೇ ಸರ್ಟಿಫಿಕೇಟ್ ಕೊಡ್ತೀನಿ. ಕಿವಿ ಕೇಳದವರನ್ನ ಕರ್ಕೊಂಡು ಹೋಗಿ ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಉತ್ತರ ಹೇಳೋರು?” ನಾನು ಅದನ್ನು ಒಂದಕ್ಷರ ಬಿಡದೆ ಸನ್ನೆಯಲ್ಲಿ ಹೇಳಿದೆ, ಅದು ನನ್ನ ಕೆಲಸ. ನೀರಿನ ಮೇಲೆ ಯಂತ್ರವನ್ನು ಓಡಿಸಿ ತೋರಿಸದವರಿಗೆ ಯಾವ ಕಾರ್ಖಾನೆಯೂ ಕೆಲಸ ಕೊಡುವುದಿಲ್ಲ. ಆರು ಜನರ ಅಷ್ಟು ದಿನದ ಶ್ರಮ ನೀರಿನಲ್ಲಿ ಹೋಮ.

ಗುಳಿಕೆನ್ನೆ ಮುಂದೆ ಬಂದಳು. ಸನ್ನೆ ಒಂದೊಂದೂ ಕೆತ್ತಿದ ಹಾಗೆ. ಅವಳ ಕೈ ನೋಡಿ ನಾನು ಬಾಯಲ್ಲಿ ಹೇಳುತ್ತಾ ಹೋದೆ: “ತಪ್ಪು ನನ್ನದು ಸರ್, ನಾನು ಮುಂದೆ ನೋಡ್ಲಿಲ್ಲ. ಆದ್ರೆ ತಪ್ಪು ನನ್ನ ಕಿವೀದಲ್ಲ. ಅಲ್ಲೊಬ್ಬ ಡ್ರೈವರ್ ಇದಾನೆ ಅಂತ ನೀವೆಲ್ಲ ನನಗೆ ಹೇಳ್ಕೊಟ್ರಿ. ಡ್ರೈವರ್ ಇರೋವಾಗ ರಸ್ತೆ ಯಾರು ನೋಡ್ತಾರೆ? ನೀವು ಬಸ್ಸಲ್ಲಿ ಕೂತಾಗ ನೋಡ್ತೀರಾ?”

ಬುಗುಟಿಗೆ ಮಂಜುಗಡ್ಡೆ ಒತ್ತಿಕೊಂಡಿದ್ದ ಮೀಸೆ ಮೇಷ್ಟ್ರು ಮೂಲೆಯಿಂದ ಹೇಳಿದರು: “ಕೇಳೋರೂ ಹೀಗೇ ಮಾಡ್ತಾರೆ ಯಜಮಾನ್ರೇ. ಅದಕ್ಕೆ ಕೊಟ್ಟು ಗೊರಕೆ ಹೊಡೆದೋರನ್ನ ನಾನು ಹಡಗಲ್ಲಿ ಕಣ್ಣಾರೆ ಕಂಡಿದೀನಿ. ಒಂದು ವಾರ ಟೈಮ್ ಕೊಡಿ.” ಯಜಮಾನರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅದನ್ನೇ ನಾವು ಹೂಂ ಎಂದುಕೊಂಡೆವು.

ಆ ವಾರ ನೀನು ಇರಬೇಕಿತ್ತು ಅಪ್ಪ. ಒಂದು ಮಾತು ಹುಟ್ಟುವುದನ್ನು ಹತ್ತಿರದಿಂದ ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಯಾವನು ಮೊದಲು ‘ಪೈಲಟ್’ ಎಂದನೋ ಅವನ ಮುಖ ಯಾವ ನಿಘಂಟಿನಲ್ಲೂ ಇಲ್ಲ. ಇಲ್ಲಿ ನನ್ನ ಕಣ್ಣೆದುರಿಗೆ ಆರು ಜನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪದ ಮಾಡುತ್ತಿದ್ದರು. ನಾನು ಬಾಯಿ, ಕೈ ಎರಡನ್ನೂ ಹೊಲಿದುಕೊಂಡು ಗೋಡೆಗೊರಗಿ ನೋಡಿದೆ. ಒಬ್ಬ ಚಕ್ರವನ್ನು ಹಗ್ಗದಿಂದ ಕಟ್ಟಿ ತೋರಿಸಿದ. ಅದು ಬೇಡ, ಕಟ್ಟಿದ ಚಕ್ರ ಆಡುವುದೇ ಇಲ್ಲ, ಇದು ಆಡುತ್ತದೆ ಎಂದರು. ಇನ್ನೊಬ್ಬಳು ದಿಕ್ಸೂಚಿಯ ಮುಳ್ಳು ಮಾಡಿದಳು. ಹಾಗಾದರೆ ದಿಕ್ಸೂಚಿಗೆ ಏನು ಮಾಡೋಣ ಎಂದರು. ಪೆನ್ಸಿಲ್ಲು ತನ್ನ ಕಬ್ಬಿಣದ ಮನುಷ್ಯನ ಕಣ್ಣಿಗೆ ಪಟ್ಟಿ ಕಟ್ಟಿ ಕುರುಡು ಡ್ರೈವರ್ ಮಾಡಿದ. ನಕ್ಕರು, ಆದರೆ ಗುಳಿಕೆನ್ನೆ ಒಪ್ಪಲಿಲ್ಲ. “ಕುರುಡನೋ ಕುಂಟನೋ, ನೀನು ಮತ್ತೆ ಅಲ್ಲಿ ಒಬ್ಬನ್ನ ಕೂರಿಸ್ತಾ ಇದೀಯ. ಅಲ್ಲಿ ಯಾರೂ ಇಲ್ಲ. ನಾನೇ ಇರೋದು.” ಪೆನ್ಸಿಲ್ಲಿಗೆ ಮುಖ ಸಣ್ಣದಾಯಿತು. ತಾನು ಹೆತ್ತ ಪದವನ್ನು ಎಲ್ಲರೂ ಸೇರಿ ಹೊರಗೆ ಹಾಕುತ್ತಿದ್ದಾರಲ್ಲ ಎಂದು ಆ ದಿನವೆಲ್ಲ ಯಾರ ಜೊತೆಗೂ ಸನ್ನೆ ಬಿಡಲಿಲ್ಲ.

ಗುಳಿಕೆನ್ನೆ ಮೇಜಿಗೆ ಬಿಗಿದ ಚಕ್ರದ ಮುಂದೆ ಹೋಗಿ ನಿಂತಳು. ಹಿಡಿದಳು, ಗುಂಡಿ ಒತ್ತಿದಳು, ಬಿಟ್ಟಳು. ಮತ್ತೆ ಹಿಡಿದಳು, ಒತ್ತಿದಳು, ಬಿಟ್ಟಳು. ತನ್ನ ಮೈ ತಾನೇ ಏನು ಮಾಡುತ್ತದೆ ಎಂದು ನೋಡಿಕೊಳ್ಳುತ್ತಿದ್ದಳೆಂದು ಆಮೇಲೆ ಹೇಳಿದಳು. ಆಮೇಲೆ ನಮ್ಮ ಕಡೆ ತಿರುಗಿ ಮಾಡಿ ತೋರಿಸಿದಳು. ಎರಡು ಕೈಯೂ ಚಕ್ರ ಹಿಡಿದಿವೆ. ಬೆರಳುಗಳು ಬಿಚ್ಚುತ್ತವೆ. ಕೈಗಳು ಹಿಂದಕ್ಕೆ ಬರುತ್ತವೆ, ಆದರೆ ಮಡಿಲಿಗೆ ಬೀಳುವುದಿಲ್ಲ, ಬಿಸಿ ಪಾತ್ರೆಯ ಪಕ್ಕದಲ್ಲಿ ನಿಲ್ಲುವ ಹಾಗೆ ಚಕ್ರದಿಂದ ಒಂದು ಗೇಣು ದೂರ ಗಾಳಿಯಲ್ಲಿ ನಿಲ್ಲುತ್ತವೆ. ಈ ಎಲ್ಲ ಹೊತ್ತೂ ಕಣ್ಣು ಮಾತ್ರ ಮುಂದೆ, ಬಹಳ ದೂರಕ್ಕೆ ನೆಟ್ಟಿರುತ್ತದೆ. ರೆಪ್ಪೆ ಸಹ ಅಲುಗುವುದಿಲ್ಲ.

ಮುನಿಸಿಕೊಂಡಿದ್ದ ಪೆನ್ಸಿಲ್ಲೇ ಎದ್ದು ಬಂದ. ಅದೇ ಸನ್ನೆ ಮಾಡಿದ, ಆದರೆ ಕೈ ಬಿಡುವಾಗ ಕಣ್ಣನ್ನು ಮೇಲಿನ ಫ್ಯಾನಿನ ಕಡೆ ತಿರುಗಿಸಿದ. ಎಲ್ಲರೂ ಒಟ್ಟಿಗೆ ಕೈ ಬೀಸಿದರು: “ಅಲ್ಲ, ಅಲ್ಲ! ಅದು ಮುಳುಗಿದ ದೋಣಿ!” ಪೆನ್ಸಿಲ್ಲು ಕಿಸಕ್ಕನೆ ನಕ್ಕು ತಲೆಬಾಗಿದ. ಪದ ನಿಂತಿತು ಎಂದು ನನಗೆ ಆಗ ಗೊತ್ತಾಯಿತು. ತಪ್ಪಾಗಿ ಹೇಳಲು ಬರುತ್ತದೆ ಎಂದರೆ ಅದಕ್ಕೆ ಸರಿ ಎಂಬುದೊಂದು ಇದೆ ಎಂದಾಯಿತಲ್ಲ. ಬಾಯಲ್ಲಿ ಮಾತಾಡುವ ನಮಗೆ ಕೈ ಬಿಡುವುದು ಎಂದರೆ ಯಾರನ್ನೋ ನಡುನೀರಿನಲ್ಲಿ ತೊರೆದುಹೋಗುವುದು. ಆ ಹುಡುಗಿ ಕೈ ಬಿಟ್ಟಳು, ಆದರೆ ತೊರೆಯಲಿಲ್ಲ. ಮೇಷ್ಟ್ರಿಗೆ ಬಾಯಲ್ಲಿ ಹೇಳಬೇಕಾದಾಗ ನಾನು ‘ಕೈ ಬಿಟ್ಟು ಕಣ್ಣಿಡೋದು’ ಎಂದೆ. ಅವರು ಹಲಗೆಯ ಮೇಲಿನ ‘ಆಟೊಪೈಲಟ್’ ಪದದ ಕೆಳಗೆ ಅದನ್ನೇ ಬರೆದುಕೊಂಡರು.

ಪದ ಸಿಕ್ಕಿದ ಮೇಲೆ ಉಳಿದದ್ದು ಸರಾಗ. ಕಣ್ಣು ಮುಂದಿರಬೇಕಾದರೆ ಮಾತಾಡುವವರು ಎಲ್ಲಿ ನಿಲ್ಲಬೇಕು? ಹಿಂದಲ್ಲ, ದೋಣಿಯ ಮೂತಿಯ ಬಳಿ, ಒಂದು ಪಕ್ಕಕ್ಕೆ, ಚಕ್ರದವಳ ನೋಟದೊಳಗೆ. ಹಿಂದಿನವರನ್ನು ನೋಡಲು ಮೇಷ್ಟ್ರು ಗುಜರಿಯಿಂದ ಬಸ್ಸಿನ ಕನ್ನಡಿ ತಂದು ಬಿಗಿದರು. ದಿಕ್ಕು ತಪ್ಪಿದಾಗ ಯಂತ್ರ ಕೀಂ ಕೀಂ ಎಂದು ಕೂಗಿಕೊಳ್ಳುತ್ತದೆ, ಆ ಕೂಗಿಗೆ ನಮ್ಮ ಮನೆಯ ಬಾಗಿಲಿನದ್ದೇ ಥರದ ಕೆಂಪು ಬಲ್ಬು ಜೋಡಿಸಿದರು. ನಿನ್ನ ಬಲ್ಬಿನ ಕಥೆ ಹೇಳಿದ್ದು ನಾನೇ, ಸ್ವಲ್ಪ ಜಂಬವೂ ಪಟ್ಟೆ.

ಮೊನ್ನೆ ಶನಿವಾರ ಮತ್ತೆ ಹೋದೆವು, ಈ ಸಲ ಯಜಮಾನರೂ ಜೊತೆಗೆ. ಕಟಕಟೆ ಹಿಡಿದು ನಿಂತವರು ಗುಳಿಕೆನ್ನೆಯನ್ನೇ ಗುರಿಯಿಟ್ಟು ನೋಡುತ್ತಿದ್ದರು. ಅವಳು ಅವರ ಕಡೆ ಒಮ್ಮೆಯೂ ನೋಡಲಿಲ್ಲ. ಅದೇ ಉತ್ತರವಾಗಿತ್ತು ಎಂದುಕೋ. ಬಂದರಿನ ಬಾಯಿಯ ಆಚೆ ಬಿಸಿಲಿನ ಹೊಳಪಿನಲ್ಲಿ ಒಂದು ಸಣ್ಣ ದೋಣಿ, ಮೀನಿನವನದ್ದು, ಅಡ್ಡ ಬರುತ್ತಿತ್ತು. ನಮಗ್ಯಾರಿಗೂ ಕಾಣಲಿಲ್ಲ. ಅವಳ ಬೆರಳು ಗುಂಡಿಗೆ ಹೋಯಿತು, ದೋಣಿ ಒಂದಿಷ್ಟು ಬಲಕ್ಕೆ ಬಾಗಿತು, ಮೀನಿನವನು ಎಡಗಡೆಯಿಂದ ಆರಾಮಾಗಿ ದಾಟಿಹೋದ. “ಅರೆ, ಇವನೆಲ್ಲಿದ್ದ?” ಎಂದರು ಯಜಮಾನರು. ದಡಕ್ಕೆ ಬಂದು ಇಳಿಯುವಾಗ ಮೇಷ್ಟ್ರಿಗೆ ಅಂದದ್ದು ಇಷ್ಟೇ: “ಸೊಟ್ಟಗಾದ ಕಟಕಟೆ ಇವರ ಕೈಲೇ ರಿಪೇರಿ ಮಾಡಿಸಿ, ಪರೀಕ್ಷೆಗೆ ಮೊದಲು.” ಪರೀಕ್ಷೆ! ಎಂದರೆ ಆರು ಜನರೂ ನೀರಿನ ಮೇಲಿನ ಪರೀಕ್ಷೆಗೆ ಕೂರುತ್ತಾರೆ. ಅದನ್ನು ಸನ್ನೆಯಲ್ಲಿ ಹೇಳುವಾಗ ನನ್ನ ಕೈಗೆ ಬಂದ ರಭಸಕ್ಕೆ ಪಕ್ಕದಲ್ಲಿದ್ದ ಮೇಷ್ಟ್ರ ಕನ್ನಡಕ ಹಾರಿಹೋಯಿತು. ಗುಳಿಕೆನ್ನೆಯ ಗುಳಿಯನ್ನು ನೀನು ನೋಡಬೇಕಿತ್ತು.

ಕಿವುಡರ ಸಂಘದವರು ಹೊಸ ಸನ್ನೆಗಳನ್ನು ವಿಡಿಯೊ ಮಾಡಿ ಸಂಗ್ರಹಿಸುತ್ತಿದ್ದಾರಂತೆ, ನಮ್ಮದನ್ನೂ ಕೇಳಿದ್ದಾರೆ. ಈ ಸನ್ನೆಯ ಮೂಲ ಯಾವುದು ಎಂದೂ ಹೇಳಬೇಕಂತೆ. ಶೆಡ್ಡಿನಲ್ಲಿ ಈಗ ಅದೇ ಜಗಳ. ಗುಳಿಕೆನ್ನೆಯದ್ದು ಎಂದರೆ ಅವಳು ಒಪ್ಪುವುದಿಲ್ಲ, ಎಲ್ಲರದ್ದು ಎನ್ನುತ್ತಾಳೆ. ಅರ್ಧ ನನ್ನದು, ನಾನು ತಪ್ಪು ಮಾಡಿದ್ದಕ್ಕೇ ಅವಳಿಗೆ ಸರಿ ಹೊಳೆದದ್ದು ಎಂದು ಪೆನ್ಸಿಲ್ಲಿನ ವಾದ. ಮೇಷ್ಟ್ರ ಪ್ರಕಾರ ಮೂಲ ಬಾರ್ಜಿನ ಟೈರು. ನಾನಂತೂ ನಿಘಂಟುಗಳನ್ನು ನಂಬುವುದನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ. ‘ಇಂಥ ಭಾಷೆಯಿಂದ ಬಂತು’ ಎಂಬ ಒಂದು ಸಾಲಿನ ಹಿಂದೆ ಎಷ್ಟು ಚಪ್ಪಲಿ ಹಾರಿವೆಯೋ, ಯಾರಿಗೆ ಗೊತ್ತು!

ಬರೆದೂ ಬರೆದೂ ಬೆಕ್ಕಿಗೆ ಹಸಿವಾಗಿದೆ, ಮೇಜಿನ ಮೇಲೆ ಹತ್ತಿ ಈ ಕಾಗದದ ಮೇಲೇ ಕೂರಲು ನೋಡುತ್ತಿದೆ. ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು. ವ್ಯಾಯಾಮದವಳು ಬಂದಾಗ ಕಣ್ಣು ತೆರೆದಿರು.

ಇತಿ, ಚಿಕ್ಕಂದಿನಲ್ಲಿ ನಿನ್ನನ್ನು ಕರೆಯಬೇಕಾದಾಗಲೆಲ್ಲ ಚಿವುಟುತ್ತಿದ್ದುದಕ್ಕೆ ನೀನೇ ಹೆಸರಿಟ್ಟ
ನಿನ್ನ ಚಿವುಟಿ

ಮರೆತೆ, ಮರೆತೆ. ಲಕೋಟೆಗೆ ಅಂಟು ಹಚ್ಚಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಮರೆತಿರಲಿಲ್ಲ, ಹೇಗೆ ಕೇಳಲಿ ಎಂದು ಗೊತ್ತಾಗದೆ ಇಷ್ಟು ಉದ್ದ ಬರೆದೆ. ಶನಿವಾರ ವಾಪಸು ಬರುವಾಗ ಅಲೆ ಎದ್ದಿತ್ತು. ಮೂತಿಯ ಬಳಿ ನಿಂತಿದ್ದ ಪೆನ್ಸಿಲ್ಲು ಒಂದು ಕೈಯಲ್ಲಿ ಕಟಕಟೆ ಹಿಡಿದು ಇನ್ನೊಂದರಲ್ಲಿ ನಮ್ಮ ಹೊಸ ಸನ್ನೆ ಮಾಡಿದ. ಯಾರಿಗೂ ಅರ್ಥವಾಗಲಿಲ್ಲ, ‘ಬಾಗಿಲು ತಳ್ಳು’ ಎಂದಂತೆ ಕಂಡಿತು. ದೋಣಿಯ ಮೇಲೆ ಯಾರಿಗೂ ಎರಡು ಕೈ ಬಿಡುವಿರುವುದಿಲ್ಲ. ಪದ ಒಂದೇ ಕೈಗೆ ಕೂರಬೇಕು, ಆದರೆ ಅರ್ಥ ಕೆಡಬಾರದು. ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದಾರೆ, ಆಗುತ್ತಿಲ್ಲ. ಎರಡು ಕೈ ಇರುವವರು ಒಂದನ್ನು ಜೇಬಿನಲ್ಲಿಟ್ಟು ಮಾಡಿದರೆ ಅದು ಬರಿಯ ನಾಟಕ. “ಒಂದೇ ಕೈಲಿ ದಿನಾ ಮಾತಾಡೋರು ಯಾರಾದ್ರೂ ನಿಮಗೆ ಗೊತ್ತಾ ಅಕ್ಕಾ?” ಎಂದು ಗುಳಿಕೆನ್ನೆ ಕೇಳಿದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಒಬ್ಬರು ಗೊತ್ತು, ಆದರೆ ಅವರು ಈಗ ಮಾತು ಬಿಟ್ಟಿದ್ದಾರೆ ಎಂದುಬಿಟ್ಟೆ. “ಕೇಳಿ ನೋಡಿ. ನಮಗೆ ಬೇಕು,” ಎಂದಳು. ಈ ಭಾನುವಾರ ಸಂಜೆ ಆರು ಜನರೂ ನಮ್ಮ ಮನೆಗೆ ಬರುತ್ತಾರೆ. ವಿಡಿಯೊ ಹಚ್ಚುತ್ತೇನೆ. ಅವರಿಗೆ ನಿನ್ನ ಪರಿಚಯವಿಲ್ಲ, ನಿನ್ನ ಮೇಲೆ ಕನಿಕರವೂ ಇಲ್ಲ. ಸರಿಯಿಲ್ಲ ಅನ್ನಿಸಿದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ, ಪೆನ್ಸಿಲ್ಲಂತೂ ನಿನ್ನನ್ನೇ ನಕಲು ಮಾಡಿ ತೋರಿಸುತ್ತಾನೆ. ತೊದಲಿದರೆ ತೊದಲಲಿ, ಎಡಗೈಯಲ್ಲಿ ಏನು ತೋಚುತ್ತದೋ ಅದು ಬೇಕು. ಅಕ್ಕನನ್ನು ಮುಂದೆ ಕೂರಿಸಬೇಡ, ನೀನು ಕೂರು. ನಾನು ನಡುವೆ ಬರುವುದಿಲ್ಲ, ಚಹಾ ಮಾಡಲು ಒಳಗೆ ಹೋಗುತ್ತೇನೆ.